ಬೀಗಿತ್ತಿ ಕೇಳಿದ ಆನೆಯ ಪ್ರಶ್ನೆ

ಈ ಸಭೆಯ ಅಧ್ಯಕ್ಷತೆ ವಹಿಸಿರುವ ಪ್ರಾಂಶುಪಾಲರಾದ ವಿಷ್ಣುಪ್ರಸಾದ ಅವರೇ, ನಿನ್ನೆಯವರೆಗೆ ಬರೀ ಶಾಂಭವಿ, ಇವತ್ತಿನಿಂದ ಡಾಕ್ಟರ್ ಶಾಂಭವಿ ಆಗಿರುವ ನಮ್ಮ ಸನ್ಮಾನಿತೆಯೇ, ಗಣಕ ವಿಭಾಗದ ಅಧ್ಯಾಪಕ ಬಂಧುಗಳೇ, ಪಕ್ಕದ ಕೋಣೆಯಿಂದ ಕೇಸರಿಬಾತಿನ ವಾಸನೆ ಬರುತ್ತಿದ್ದರೂ ಕುರ್ಚಿ ಬಿಡದೆ ಕುಳಿತಿರುವ ವಿದ್ಯಾರ್ಥಿ ಮಿತ್ರರೇ, ಭದ್ರಾವತಿಯಿಂದ ನನ್ನ ಜೊತೆ ಒಂದೇ ಕಾರಿನಲ್ಲಿ ಇಕ್ಕಟ್ಟಾಗಿ ಬಂದ ನನ್ನ ಮನೆಯವರೇ, ಮತ್ತು ಸಮಸ್ತ ಸಭಿಕರೇ,

ಮೈಕನ್ನು ಸ್ವಲ್ಪ ದೂರ ಸರಿಸಿದ್ದೇನೆ. ಮೈಕಿನ ಹುಡುಗರು ಬೇಸರ ಮಾಡಿಕೊಳ್ಳಬಾರದು. ನನಗೂ ಮೈಕಿಗೂ ಮೊದಲಿಂದ ಆಗಿಬರುವುದಿಲ್ಲ. ನನ್ನ ತಂದೆ ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ಬಾರಿಸುತ್ತಿದ್ದರು. ಕಂಪನಿ ಶಿವಮೊಗ್ಗಕ್ಕೆ ಬಂದು ಕ್ಯಾಂಪು ಹೂಡಿದಾಗ ಹುಟ್ಟಿದವನು ನಾನು. ಪರದೆಯ ಹಿಂದೆ ತೊಟ್ಟಿಲು, ಪರದೆಯ ಮುಂದೆ ಯುದ್ಧ. ತಗಡಿನ ಥಿಯೇಟರಿನಲ್ಲಿ ಕಟ್ಟಕಡೆಯ ಬೆಂಚಿನವನಿಗೆ ಮಾತು ಮುಟ್ಟದಿದ್ದರೆ ಅವನು ಎದ್ದು ನಿಂತು ಕೂಗುತ್ತಿದ್ದ. ಆ ಬೆಂಚಿನವನ ಹೆದರಿಕೆಯಲ್ಲಿ ಬೆಳೆದ ಗಂಟಲು ಇದು. ಆಮೇಲೆ ಭದ್ರಾವತಿಯ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಯಂತ್ರಗಳ ಸದ್ದಿನ ಮೇಲೆ ಮಾತಾಡಬೇಕು. ಸಂಜೆ ಕಾರ್ಮಿಕರ ನಾಟಕ ಸಂಘದಲ್ಲಿ ರಾಜನ ಪಾತ್ರ. ಹಗಲಿಗೂ ಸಂಜೆಗೂ ಒಂದೇ ದನಿ ಸಾಕಾಗುತ್ತಿತ್ತು. ನಿವೃತ್ತಿಯಾದ ಮೇಲೆ ಆ ದನಿಯನ್ನು ಎಲ್ಲಿ ಇಡುವುದು? ಮನೆಗೇ ತಂದೆ.

ಇಂಥ ರೇಣುಕಾಪ್ರಸಾದನನ್ನು ಗಣಕ ವಿಜ್ಞಾನದ ಸಭೆಗೆ ಯಾಕೆ ಕರೆದರು ಎಂದು ನೀವು ಮುಖಮುಖ ನೋಡಿಕೊಳ್ಳುತ್ತಿದ್ದೀರಿ. ಕಾಣುತ್ತಿದೆ. ನನ್ನ ಯೋಗ್ಯತೆ ಇಷ್ಟೇ. ಶಾಂಭವಿ ಅವರು ಥಾಯ್ ಭಾಷೆಯನ್ನು ಕಲಿಸುವ ಯಂತ್ರ ಮಾಡಿದರು. ಇಡೀ ಜಿಲ್ಲೆಯಲ್ಲಿ ಅದನ್ನು ನಂಬಿ ಥಾಯ್ ಕಲಿಯಲು ಬಂದವರು ಇಬ್ಬರು. ಒಬ್ಬ ನಾನು. ಇನ್ನೊಬ್ಬಳು ನನ್ನ ಹೆಂಡತಿ ಸುಭದ್ರಮ್ಮ.

ಥಾಯ್ ಯಾಕೆ? ನಮಗೆ ಕಾರಣವಿತ್ತು, ಹೇಳುತ್ತೇನೆ. ಆದರೆ ಈ ಹುಡುಗಿಗೆ ಯಾಕೆ? ತಾಯಿಯ ತವರು ಮಲವಗೊಪ್ಪ, ಓದಿದ್ದು ಶಿವಮೊಗ್ಗ, ಬ್ಯಾಂಕಾಕಿನ ವಿಮಾನ ಇವರ ತಲೆಯ ಮೇಲೂ ಹಾರಿದ್ದಿಲ್ಲ. ಮೊದಲ ದಿನವೇ ನಾನು ಕೇಳಿದೆ.

"ಅಲ್ಲಮ್ಮಾ, ಕನ್ನಡ ಇದೆ, ತೆಲುಗು ಇದೆ, ನಮ್ಮ ಪೇಪರ್ ಟೌನಿಗೆ ಬಂದ್ರೆ ತಮಿಳೂ ಇದೆ. ಎಲ್ಲಾ ಬಿಟ್ಟು ಥಾಯ್ ಯಾಕೆ ಹಿಡ್ಕೊಂಡೆ?"

ಅವರು ಹೇಳಿದರು, "ಅಂಕಲ್, ಅವರು ಪದಗಳ ನಡುವೆ ಜಾಗ ಬಿಡದೆ ಬರೀತಾರಂತೆ. ಹಾಗಾದ್ರೆ ಒಂದು ಪದ ಎಲ್ಲಿ ಮುಗೀತು ಅಂತ ಕಂಪ್ಯೂಟರಿಗೆ ಹೇಗೆ ಗೊತ್ತಾಗುತ್ತೆ? ಅದು ತಲೆಗೆ ಹೊಕ್ತು. ಹೊರಗೆ ಬರ್ಲೇ ಇಲ್ಲ."

ಕೇಳಿದಿರಾ? ಒಂದು ಭಾಷೆಯವರು ಪುಟಗಟ್ಟಲೆ ಜಾಗ ಬಿಡದೆ ಬರೆಯುತ್ತಾರೆ. ನಮ್ಮ ಕಂಪನಿಯ ಹಳೆಯ ನಟರು ಒಂದೇ ಉಸಿರಿನಲ್ಲಿ ಪುಟ ಮುಗಿಸುತ್ತಿದ್ದರಲ್ಲ, ಹಾಗೆ. ಓದುವವನು ತನ್ನ ಮನಸ್ಸಿನಲ್ಲೇ ಕತ್ತರಿಸಿಕೊಂಡು ಓದುತ್ತಾನೆ. ಮನುಷ್ಯನಿಗೆ ಅದು ಸಲೀಸು. ಯಂತ್ರಕ್ಕೆ? ಎಲ್ಲಿ ಕತ್ತರಿಸಬೇಕು ಎಂದು ಯಂತ್ರಕ್ಕೆ ಕಲಿಸುವುದರಲ್ಲೇ ಈ ಹುಡುಗಿಯ ಮೊದಲ ವರ್ಷ ಕಳೆಯಿತು. ಆಮೇಲೆ ಇನ್ನೂ ದೊಡ್ಡದಕ್ಕೆ ಕೈ ಹಾಕಿದರು. ಪದ ಹುಡುಕುವ ಯಂತ್ರ ಎಲ್ಲರ ಹತ್ತಿರ ಇದೆ, ಅರ್ಥ ಹುಡುಕುವ ಯಂತ್ರ ಮಾಡುತ್ತೇನೆ ಎಂದರು.

ಅರ್ಥ ಹುಡುಕುವುದು ಎಂದರೇನು? ನನಗೆ ತಿಳಿದಷ್ಟು ಹೇಳುತ್ತೇನೆ, ತಪ್ಪಾದರೆ ಡಾಕ್ಟರರು ಆಮೇಲೆ ತಿದ್ದಿಕೊಳ್ಳಲಿ. ಯಂತ್ರದ ಹೊಟ್ಟೆಯಲ್ಲಿ ಪಾಠದ ಸಾವಿರಾರು ವಾಕ್ಯಗಳಿವೆ, ಥಾಯ್‌ನಲ್ಲೂ ಕನ್ನಡದಲ್ಲೂ. ನೀವು ನಿಮಗೆ ತೋಚಿದ ಹಾಗೆ ಒಂದು ಮಾತು ಹೇಳುತ್ತೀರಿ. ಅದೇ ಪದಗಳು ಪಾಠದಲ್ಲಿ ಇರಬೇಕೆಂದೇನೂ ಇಲ್ಲ. ನಿಮ್ಮ ಮಾತಿನ ಅರ್ಥಕ್ಕೆ ಯಾವ ವಾಕ್ಯ ಅತಿ ಹತ್ತಿರವೋ ಅದನ್ನು ಎತ್ತಿ, ಎದುರಿನವರ ಭಾಷೆಯಲ್ಲಿ ಹೇಳುತ್ತದೆ. ನೀವು ಆಲ್ಕೊಳ ಸರ್ಕಲ್ಲಿನಲ್ಲಿ ನಿಂತು ಯಾವುದೋ ಮನೆಯ ವಿಳಾಸ ಕೇಳುತ್ತೀರಿ ಅನ್ನಿ. ಅಲ್ಲಿರುವವನಿಗೆ ಆ ಮನೆ ಗೊತ್ತಿಲ್ಲ. ಆದರೆ ಒಳ್ಳೆಯವನು. ನಿಮ್ಮನ್ನು ಆ ಬೀದಿಗೆ ಕರೆದುಕೊಂಡು ಹೋಗಿ ಪಕ್ಕದ ಮನೆಯ ಬಾಗಿಲಲ್ಲಿ ನಿಲ್ಲಿಸುತ್ತಾನೆ. ಮಿಕ್ಕದ್ದು ನಿಮ್ಮ ಜಾಣತನ.

ಫೋನಿನಲ್ಲೇ ಅನುವಾದ ಬರುತ್ತದಲ್ಲ ಎಂದು ಹಿಂದಿನ ಸಾಲಿನಲ್ಲಿ ಯಾರೋ ಗೊಣಗಿದರು. ಬರುತ್ತದೆ ಸ್ವಾಮಿ. ನಾವೂ ನೋಡಿದ್ದೇವೆ. ಆದರೆ ಅದು ಮಾತು ಕೊಟ್ಟು ಕಳಿಸುತ್ತದೆ, ಪಾಠ ಹೇಳಿಕೊಡುವುದಿಲ್ಲ. ಮತ್ತೆ ನಮ್ಮ ಬೀಗಿತ್ತಿಯವರು ಮಾತಾಡುವುದು ಆ ದೇಶದ ಈಶಾನ್ಯ ಮೂಲೆಯ ಹಳ್ಳಿಮಾತು. ಫೋನಿನ ಅನುವಾದ ಅದರ ಮುಂದೆ ಕೈಚೆಲ್ಲಿತು. ಶಾಂಭವಿಯವರ ಯಂತ್ರಕ್ಕೂ ಆ ಮಾತು ಪೂರ್ತಿ ತಿಳಿಯದು. ಆದರೆ ಹತ್ತಿರದ ಬೀದಿಗಾದರೂ ಹೋಗುತ್ತಿತ್ತು.

ಬೀಗಿತ್ತಿ ಎಂದೆ. ಯಾರು ಬೀಗಿತ್ತಿ? ನನ್ನ ಮಗ ಜ್ಞಾನೇಶ್ ಎರಕದ ಕೆಲಸ ಕಲಿತವನು. ಥಾಯ್ಲೆಂಡಿನ ಒಂದು ಫೌಂಡ್ರಿಯಲ್ಲಿ ಕೆಲವು ವರ್ಷ ಇದ್ದು, ಬರುವಾಗ ಅಲ್ಲಿನ ಲೆಕ್ಕಪತ್ರ ವಿಭಾಗದ ಮಾಲೀ ಎಂಬ ಹುಡುಗಿಯನ್ನು ಮದುವೆಯಾಗಿ ಬಂದ. ಈಗ ಮಾಚೇನಹಳ್ಳಿಯ ಫೌಂಡ್ರಿಯಲ್ಲಿದ್ದಾನೆ. ಸೊಸೆ ಕನ್ನಡ ಕಲಿಯುತ್ತಿದ್ದಾಳೆ. ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡುವಷ್ಟು ಬಂದಿದೆ, ಮಾವನ ಹತ್ತಿರ ವಾದ ಮಾಡುವಷ್ಟು ಬಂದಿಲ್ಲ. ಒಳ್ಳೆಯದೇ ಆಯಿತು ಎಂದುಕೊಂಡಿದ್ದೆ.

ಮಾಲೀ ಬಸುರಿಯಾದಳು. ಆರನೇ ತಿಂಗಳು ಹತ್ತಿರ ಬಂದಾಗ ಅವಳ ತಾಯಿ ಸೋಮ್‌ಸ್ರೀ ಅವರು ಫೋನು ಮಾಡಿದರು. ಜ್ಞಾನೇಶ್ ಅದನ್ನು ನಮಗೆ ಹೇಳಿದ. "ಅಪ್ಪಾ, ಅತ್ತೆ ಬರ್ತಾರಂತೆ. ಮೂರು ವಾರ ಇದ್ದು ನೋಡ್ತಾರಂತೆ. ಮಗಳು ಇಲ್ಲಿ ನೆಮ್ಮದಿಯಾಗಿದ್ರೆ ಇಲ್ಲೇ ಉಳಿದು ಬಾಣಂತನ ಮಾಡ್ತಾರಂತೆ. ಇಲ್ಲ ಅಂದ್ರೆ ಕರ್ಕೊಂಡು ಹೋಗ್ತಾರಂತೆ."

ಸಭಿಕರೇ, ನಾನು ಏನು ಹೇಳಬಹುದಿತ್ತು? ಚೊಚ್ಚಲ ಹೆರಿಗೆಗೆ ತಾಯಿ ಬಂದು ಮಗಳನ್ನು ಕರೆದುಕೊಂಡು ಹೋಗುವುದು ನಮ್ಮದೇ ಪದ್ಧತಿ. ಅವರು ಕೇಳಿದ್ದು ನ್ಯಾಯ. ಆದರೆ ಅವರ ತವರು ದಾವಣಗೆರೆಯಲ್ಲಿಲ್ಲವಲ್ಲ. ನೆಮ್ಮದಿಯಿಲ್ಲ ಎಂದು ತಾಯಿಯೇ ಕರೆದುಕೊಂಡು ಹೋದ ಮಗಳು ಅಷ್ಟು ದೂರದಿಂದ ಮಗು ಎತ್ತಿಕೊಂಡು ಮತ್ತೆ ಬರುತ್ತಾಳೆಯೇ? ಜ್ಞಾನೇಶನ ಮುಖದಲ್ಲಿ ಆ ಪ್ರಶ್ನೆ ಇತ್ತು. ಬೀಗಿತ್ತಿಯ ಮನಸ್ಸು ಗೆಲ್ಲಲೇಬೇಕು ಎಂದು ತೀರ್ಮಾನಿಸಿದೆ. ಮನಸ್ಸು ಗೆಲ್ಲುವುದಕ್ಕೆ ಮಾತು ಬೇಕು. ಮಾತು ನನ್ನ ಕ್ಷೇತ್ರ. ಹಾಗೆ ನಾನೂ ಸುಭದ್ರೆಯೂ ಈ ಕಾಲೇಜಿನ ಮೆಟ್ಟಿಲು ಹತ್ತಿದೆವು.

ಕಲಿಯುತ್ತಾ ಹೋದರೆ ಏನು ಬೆರಗು. ನಮ್ಮ ಭಾಷೆ ಅವರಲ್ಲಿ 'ಪಾಸಾ'. ನಮ್ಮ ಆಚಾರ್ಯರು ಅಲ್ಲಿ 'ಆಚಾನ್'. ನಮ್ಮ ಗುರುಗಳು 'ಖ್ರೂ'. ಅವರು ಕೈ ಮುಗಿದು ಹೇಳುವ 'ಸವತ್ದೀ'ಯೊಳಗೆ ನಮ್ಮ ಸ್ವಸ್ತಿ ಕುಳಿತಿದೆಯಂತೆ. ಎಂದೋ ಊರು ಬಿಟ್ಟ ನಮ್ಮ ಬಂಧುಗಳು ಬೇರೆ ವೇಷ ಹಾಕಿಕೊಂಡು ಬಂದು ಎದುರು ನಿಂತ ಹಾಗೆ. ಗುರುತು ಸಿಕ್ಕಾಗಲೆಲ್ಲ ನಾನು ಎದ್ದು ನಿಂತು ಕೂಗುತ್ತಿದ್ದೆ. ಲ್ಯಾಬಿನವರು ಬಂದು ಬಾಗಿಲು ಹಾಕಿಕೊಂಡು ಹೋಗುತ್ತಿದ್ದರು.

ನಾನು ಕಲಿತದ್ದು ಕಂಪನಿಯ ಕ್ರಮದಲ್ಲಿ. ನಾಟಕದವನು ತನ್ನ ಮಾತನ್ನು ಮಾತ್ರ ಬಾಯಿಪಾಠ ಮಾಡುವುದಿಲ್ಲ. ಎದುರು ಪಾತ್ರದ ಮಾತನ್ನೂ ಮಾಡುತ್ತಾನೆ. ಅವನು ಮರೆತರೆ ಇವನು ಎತ್ತಿಕೊಡಬೇಕು, ಆಟ ನಿಲ್ಲಬಾರದು. ಪಾಠದಲ್ಲಿ ಸಂಭಾಷಣೆಗಳಿದ್ದವು. ನನ್ನ ಮಾತೂ ಬೀಗಿತ್ತಿಯ ಮಾತೂ ಎರಡನ್ನೂ ಗಟ್ಟಿ ಮಾಡಿದೆ. ಸುಭದ್ರೆ ಮಾತ್ರ ಒಂದೊಂದು ವಾಕ್ಯ ಹಿಡಿದುಕೊಂಡು ಗಂಟೆಗಟ್ಟಲೆ ಕೂರುತ್ತಿದ್ದಳು. ಇದನ್ನು ಹೀಗೆ ಕೇಳಬಹುದಾ, ಹಾಗೆ ಕೇಳಿದರೆ ಏನು ಉತ್ತರ ಬರುತ್ತೆ ಎಂದು ಶಾಂಭವಿಯವರನ್ನು ಪೀಡಿಸುತ್ತಿದ್ದಳು. ನಿಧಾನ ಬುದ್ಧಿ, ಪಾಪ, ಎಂದುಕೊಂಡೆ.

ಬಂತು ಆ ದಿನ. ಭದ್ರಾವತಿ ಸ್ಟೇಷನ್ನು. ಬೆಂಗಳೂರಿನಿಂದ ಜ್ಞಾನೇಶ್ ಬೀಗಿತ್ತಿಯವರನ್ನು ಕರೆದುಕೊಂಡು ಬಂದು ಇಳಿದ. ಸಣ್ಣ ಆಳು, ಕತ್ತರಿಸಿದ ಬಿಳಿಕೂದಲು, ತೋಳಲ್ಲಿ ದೊಡ್ಡ ಬುಟ್ಟಿ. ನಾನು ಮುಂದೆ ಹೋಗಿ ಕೈ ಮುಗಿದು, ಇಡೀ ಪ್ಲಾಟ್‌ಫಾರಂ ತಿರುಗಿ ನೋಡುವಂತೆ ಥಾಯ್‌ನಲ್ಲಿ ಕೇಳಿದೆ: "ನಮಸ್ಕಾರ. ಪ್ರಯಾಣ ಸುಖಕರವಾಗಿತ್ತೇ?"

ಪಾಠದ ಪ್ರಕಾರ ಅವರು ಏನು ಹೇಳಬೇಕು? 'ಸುಖಕರವಾಗಿತ್ತು, ನಿಮ್ಮ ಊರು ಬಹಳ ಸುಂದರವಾಗಿದೆ' ಎನ್ನಬೇಕು. ಅವರು ಬೇರೇನೋ ಅಂದರು. ಬಚ್ಚಲು ಎಲ್ಲಿದೆ ಎಂದು ಕೇಳಿದ್ದಂತೆ, ಆಮೇಲೆ ಜ್ಞಾನೇಶ್ ಹೇಳಿದ. ನನಗೆ ಆಗ ಅದು ಹೊಳೆಯಲಿಲ್ಲ. ಪಾತ್ರಧಾರಿ ಮಾತು ಮರೆತಿದ್ದಾರೆ ಎಂದೇ ಅನ್ನಿಸಿತು. ಪಕ್ಕಕ್ಕೆ ಸರಿದು ಅವರ ಮಾತನ್ನೂ ನಾನೇ ಹೇಳಿದೆ, ಹೆಣ್ಣು ದನಿಯಲ್ಲಿ. ಹರೆಯದಲ್ಲಿ ಸ್ತ್ರೀಪಾತ್ರ ಮಾಡಿದವನು, ದನಿ ಇನ್ನೂ ಬರುತ್ತದೆ. ಆಮೇಲೆ ಈ ಕಡೆ ಬಂದು ನನ್ನ ಮುಂದಿನ ಮಾತು. ಮತ್ತೆ ಆ ಕಡೆ ಹೋಗಿ ಅವರದ್ದು. ಒಂದು ಸಂಭಾಷಣೆ ಪೂರ್ತಿ ಮುಗಿಸಿದೆ.

ನಮ್ಮ ಆಟೋದ ಹಾಲಸ್ವಾಮಿ ಓಡಿ ಬಂದ. "ಏನಾಯ್ತು ಸಾರ್, ಯಾರಿಗೆ ಬಯ್ತಿದೀರಿ?"

"ಬಯ್ತಿಲ್ಲ ಮಾರಾಯ, ಸ್ವಾಗತ ಮಾಡ್ತಿದೀನಿ."

ಬೀಗಿತ್ತಿ ಜ್ಞಾನೇಶನ ಹಿಂದೆ ಸರಿದು ನಿಂತಿದ್ದರು. ಪ್ರಯಾಣದ ಆಯಾಸ ಎಂದುಕೊಂಡೆ.

ಮನೆಗೆ ಬಂದರು. ದಿನಗಳು ಕಳೆದವು. ಅವರು ಮಾತೇ ಆಡುತ್ತಿರಲಿಲ್ಲ. ತಟ್ಟೆ ಮುಂದೆ ಕೂರುತ್ತಿದ್ದರು, ನಾನು ಬಂದು ಥಾಯ್‌ನಲ್ಲಿ 'ಹೊಟ್ಟೆ ತುಂಬಾ ಊಟ ಮಾಡಿ' ಎಂದು ಉಪಚಾರ ಮಾಡಿದರೆ ಎದ್ದುಬಿಡುತ್ತಿದ್ದರು. ಅದೇ ಹೊತ್ತಿಗೆ ನಮ್ಮ ಸಂಘದ ಹೊಸ ನಾಟಕದ ತಾಲೀಮು. ನನ್ನದು ಸೇನಾಪತಿಗೆ ಶಾಪ ಹಾಕುವ ರಾಜನ ಪಾತ್ರ. ಬೆಳಿಗ್ಗೆ ಹಿತ್ತಿಲಿನ ಒಗೆಯುವ ಕಲ್ಲಿನ ಮೇಲೆ ನಿಂತು ಅಭ್ಯಾಸ ಮಾಡುವುದು ನನ್ನ ರೂಢಿ. ಕಲ್ಲಿನ ಎದುರಿಗೆ ಅಡುಗೆಮನೆಯ ಕಿಟಕಿ. ಕಿಟಕಿಯಲ್ಲಿ ಸೊಸೆ. ನಾನು ತೋಳು ಚಾಚಿ, ದ್ರೋಹಿ, ನಿನ್ನ ವಂಶ ನಿರ್ವಂಶವಾಗಲಿ ಎಂದು ಗುಡುಗುತ್ತಿದ್ದೆ. ಮಾಲೀಗೆ ಗೊತ್ತು ಇದು ನಾಟಕ ಎಂದು, ನಗುನಗುತ್ತಾ ದೋಸೆ ಮಗುಚುತ್ತಿದ್ದಳು. ಅವಳ ಪಕ್ಕದಲ್ಲಿ ಕೈಯಲ್ಲಿ ಲೋಟ ಹಿಡಿದು ಬೀಗಿತ್ತಿ ನಿಂತಿರುತ್ತಿದ್ದರು. ಪ್ರೇಕ್ಷಕರು ಒಬ್ಬರು ಹೆಚ್ಚಾದರಲ್ಲ ಎಂದು ನಾನು ದನಿ ಇನ್ನಷ್ಟು ಏರಿಸಿದೆ.

ಒಂದು ಮಧ್ಯಾಹ್ನ. ಜ್ಞಾನೇಶ್ ಕೆಲಸಕ್ಕೆ ಹೋಗಿದ್ದ. ಮಾಲೀ ಮಲಗಿದ್ದಳು. ಸೋಮ್‌ಸ್ರೀ ಅವರು ಅಡುಗೆಮನೆಯಲ್ಲಿ ಸುಭದ್ರೆಯ ಹತ್ತಿರ ಬಂದು, ಶಾಂಭವಿಯವರ ಯಂತ್ರವಿದ್ದ ಫೋನನ್ನು ತಾವಾಗಿಯೇ ಎತ್ತಿಕೊಂಡರು. ನಡುಮನೆಯಲ್ಲಿ ಪತ್ರಿಕೆ ಓದುತ್ತಿದ್ದ ನನ್ನ ಕಿವಿ ನಿಮಿರಿತು. ಬಹಳ ಮೆಲ್ಲಗೆ, ಬಹಳ ಹೊತ್ತು ಏನೋ ಹೇಳಿದರು. ಯಂತ್ರ ಯೋಚಿಸಿತು. ಆಮೇಲೆ ತನ್ನ ನಯವಾದ ಕನ್ನಡದಲ್ಲಿ ಕೇಳಿತು:

"ಈ ಆನೆಯ ಹತ್ತಿರ ನಿಲ್ಲಬಹುದೇ? ಅಪಾಯವಿಲ್ಲವೇ?"

ನಾನು ಪತ್ರಿಕೆ ಎಸೆದು ಒಳಗೆ ಧಾವಿಸಿದೆ. ಕೊನೆಗೂ ಬಾಯಿ ಬಿಟ್ಟರಲ್ಲ. ಒಂದು ಆಸೆ ಹೇಳಿಕೊಂಡರಲ್ಲ. ಆನೆಯ ನಾಡಿನವರು, ಮನೆ ನೆನಪಾಗಿದೆ, ಆನೆ ನೋಡಬೇಕು ಅನ್ನಿಸಿದೆ. ಎಷ್ಟು ಸಹಜ.

ಸುಭದ್ರೆ ಸೌಟು ಕೆಳಗಿಟ್ಟಳು. "ರೀ, ಅವರು ಕೇಳಿದ್ದು ಆನೆ ವಿಷಯ ಅಲ್ಲ ಅನ್ಸುತ್ತೆ. ಅವರ ಮುಖ..."

"ಮುಖ ನೋಡಿದ್ರೆ ಗೊತ್ತಾಗಲ್ವಾ? ಪಾಪ, ಆನೆ ನೋಡಿ ಎಷ್ಟು ದಿನ ಆಯ್ತೋ."

"ಅಲ್ಲಾ ರೀ, ಒಂದ್ಸಲ ಮಾಲೀನ..."

"ಮಾಲೀಗೆ ಹೇಳ್ಬೇಡ, ಬಾಯಿ ಬಿಟ್ಬಿಡ್ತಾಳೆ. ಅವರಿಗೆ ಗೊತ್ತಿಲ್ದಂಗೆ ಕರ್ಕೊಂಡು ಹೋಗಿ ಬೆರಗು ಮಾಡೋಣ."

ಆನೆ ಬೇಕೆಂದರೆ ಸಕ್ರೆಬೈಲಿಗೆ ಹೋಗಬೇಕು, ನೀವೆಲ್ಲ ಬಲ್ಲಿರಿ. ಆದರೆ ನಾನು ಯೋಚಿಸಿದೆ. ಆನೆ ಅವರ ದೇಶದಲ್ಲೇ ಬೇಕಾದಷ್ಟಿದೆ. ಅತಿಥಿಗೆ ಅವರ ಮನೆಯದ್ದನ್ನೇ ಬಡಿಸುವುದೇ? ಸಿಂಹ ತೋರಿಸೋಣ. ಮಾಲೀಗೆ ವೈದ್ಯರು ಓಡಾಟ ಬೇಡ ಎಂದಿದ್ದರು, ಅವಳ ಜೊತೆಗೆ ಪಕ್ಕದ ಮನೆಯ ತಮಿಳು ಅಕ್ಕನನ್ನು ಕೂರಿಸಿ, ನಾವು ಮೂವರೇ ಕಾರು ಹತ್ತಿದೆವು. ಮಲವಗೊಪ್ಪ ದಾಟಿತು, ಶಿವಮೊಗ್ಗ ದಾಟಿತು, ಆಲ್ಕೊಳ ದಾಟಿತು. ಬೀಗಿತ್ತಿ ಪ್ರತಿ ತಿರುವಿನಲ್ಲೂ ಸುಭದ್ರೆಯ ಮುಖ ನೋಡುತ್ತಿದ್ದರು. ತ್ಯಾವರೆಕೊಪ್ಪ ಬಂತು.

ಸಫಾರಿ ಬಸ್ಸು, ಕಿಟಕಿಗೆ ಜಾಲರಿ. ಮರದ ಕೆಳಗೆ ಸಿಂಹ. ಮಲಗಿತ್ತು. ಸಭಿಕರೇ, ಎರಡು ದೇಶಗಳ ಬಾಂಧವ್ಯ ಗಟ್ಟಿಯಾಗಬೇಕಾದ ಗಳಿಗೆಯಲ್ಲಿ ಆ ಸಿಂಹ ಹೊಟ್ಟೆ ಮೇಲೆ ಮಾಡಿಕೊಂಡು ಮಲಗಿತ್ತು. ನನಗೆ ಅವಮಾನವಾಯಿತು. ಬಸ್ಸಿನ ನಡುವೆ ಎದ್ದು ನಿಂತು, ಅದರ ಪರವಾಗಿ ನಾನೇ ಗರ್ಜಿಸಿದೆ. ಕಂಪನಿಯಲ್ಲಿ ಕಾಡಿನ ದೃಶ್ಯಕ್ಕೆ ತೆರೆಯ ಹಿಂದಿನ ಸಿಂಹ ನಾನೇ ಆಗಿದ್ದೆ. ಸಿಂಹ ಒಂದು ಕಣ್ಣು ತೆರೆದು, ನನ್ನನ್ನು ನೋಡಿ, ಮತ್ತೆ ಮುಚ್ಚಿಕೊಂಡಿತು.

"ಸಾರ್, ಕೂತ್ಕೊಳ್ಳಿ," ಎಂದ ಡ್ರೈವರು. "ಪ್ರಾಣಿಗಳಿಗೆ ತೊಂದ್ರೆ ಆಗುತ್ತೆ."

ಬೀಗಿತ್ತಿ ಕಿಟಕಿಯ ಆಚೆ ನೋಡುತ್ತಲೇ ಇರಲಿಲ್ಲ. ಎರಡೂ ಕೈಯಲ್ಲಿ ಸುಭದ್ರೆಯ ಕೈ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದರು. ಮೆಚ್ಚಿದರು ಎಂದುಕೊಂಡೆ.

ಅವತ್ತು ಸಂಜೆ ಕಾಫಿ ಹೊತ್ತಿಗೆ ಜ್ಞಾನೇಶ್ ಬಂದು ಕುರ್ಚಿಯ ತುದಿಯಲ್ಲಿ ಕೂತ. "ಅಪ್ಪಾ, ಅತ್ತೆ ಎರಡು ಟಿಕೆಟ್ ನೋಡು ಅಂದ್ರು."

"ಯಾರ್ಯಾರಿಗೆ?"

"ಅವರಿಗೆ. ಮಾಲೀಗೆ."

"ನಿನಗೆ?"

ಅವನು ಕಾಫಿ ಕುಡಿಯದೆ ಎದ್ದು ಹೋದ.

ನಾನು ಏನು ತಪ್ಪು ಮಾಡಿದೆ? ಭಾಷೆ ಕಲಿತೆ. ಸ್ವಾಗತ ಮಾಡಿದೆ. ಸಿಂಹ ತೋರಿಸಿದೆ. ಇನ್ನೇನು ಉಳಿಯಿತು, ಯಂತ್ರವೇ ಅಲ್ಲವೇ? ಶಾಂಭವಿಯವರಿಗೆ ಫೋನು ಮಾಡಿ, ನಿನ್ನ ಯಂತ್ರ ನಮ್ಮ ಮನೆ ಮುರಿಯಿತು ಕಣಮ್ಮ ಎಂದೆ. ಮರುದಿನ ಬೆಳಿಗ್ಗೆಯೇ ಬಸ್ಸು ಹತ್ತಿ ಭದ್ರಾವತಿಗೆ ಬಂದರು. ಮುಖದಲ್ಲಿ ಹೆದರಿಕೆ ಇರಲಿಲ್ಲ, ಹೇಳಿಬಿಡುತ್ತೇನೆ, ಕುತೂಹಲ ಇತ್ತು. ಯಂತ್ರ ಹತ್ತಿರದ ಮನೆಗೆ ಹೋಗಿದೆ, ಹಾಗಾದರೆ ನಿಜವಾದ ಮನೆ ಯಾವುದು, ಅದೊಂದೇ ಅವರ ಚಿಂತೆ.

ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು ಫೋನನ್ನು ತಮ್ಮ ಲ್ಯಾಪ್‌ಟಾಪಿಗೆ ಜೋಡಿಸಿದರು. ಸುಭದ್ರೆ ಪಕ್ಕದಲ್ಲಿ ಕೂತಳು. ನಾನು ನಿಂತೇ ಇದ್ದೆ.

"ಅಂಕಲ್, ಯಂತ್ರ ಹುಡುಕಿದ್ದು ಒಂದೇ ವಾಕ್ಯ ಅಲ್ಲ. ಹತ್ತಿರದವು ಇನ್ನೂ ಇದ್ವು. ಕಲಿಯೋರಿಗೆ ಗೊಂದಲ ಬೇಡ ಅಂತ ನಾನು ಮೊದಲನೇದು ಮಾತ್ರ ಹೇಳೋ ಹಾಗೆ ಮಾಡಿದೀನಿ. ಎರಡನೇದು ನೋಡಿ. 'ಈ ನೀರಿನಲ್ಲಿ ಇಳಿಯುವುದು ಸುರಕ್ಷಿತವೇ?' ಮೂರನೇದು, 'ಈ ಕೋಣೆಯಲ್ಲಿ ಯಾವಾಗಲೂ ಇಷ್ಟು ಸದ್ದು ಇರುತ್ತದೆಯೇ?'"

"ಆನೆ, ನೀರು, ಕೋಣೆ," ಎಂದೆ. "ಒಂದಕ್ಕೊಂದು ಏನು ಸಂಬಂಧ?"

"ಮೂರೂ ಒಂದೇ ಕಡೆ ಕೈ ತೋರಿಸ್ತಿವೆ ಅಂಕಲ್."

"ಯಾವ ಕಡೆ?"

ಶಾಂಭವಿ ಸುಭದ್ರೆಯ ಮುಖ ನೋಡಿದರು. ಸುಭದ್ರೆ ನನ್ನ ಮುಖ ನೋಡಿದಳು. ಬಾಗಿಲಲ್ಲಿ ನಿಂತಿದ್ದ ಬೀಗಿತ್ತಿಯೂ ನನ್ನನ್ನೇ ನೋಡಿದರು. ನಾನು ಹಿಂದೆ ತಿರುಗಿ ನೋಡಿದೆ. ಹಿಂದೆ ಗೋಡೆ ಇತ್ತು.

ನಗಬೇಡಿ. ಸರಿ, ನಗಿ. ಆದರೆ ಯೋಚಿಸಿ. ಆ ಯಂತ್ರಕ್ಕೆ ನಾನು ಯಾರೆಂದು ಗೊತ್ತಿಲ್ಲ. ಈ ಮನೆಯಲ್ಲಿ ಏನು ನಡೆಯುತ್ತದೆಂದು ಗೊತ್ತಿಲ್ಲ. ಒಬ್ಬ ತಾಯಿ ತನ್ನ ಹಳ್ಳಿಮಾತಿನಲ್ಲಿ, ಈ ಮನುಷ್ಯನ ಹತ್ತಿರ ನನ್ನ ಮಗಳನ್ನು ಬಿಟ್ಟುಹೋಗಬಹುದೇ ಎಂದು ಕೇಳಿದರು. ಅಂಥ ವಾಕ್ಯ ಯಾವ ಪಾಠದಲ್ಲೂ ಇಲ್ಲ. ಇರುವ ಸಾವಿರಾರು ವಾಕ್ಯಗಳಲ್ಲಿ ತಡಕಾಡಿ ಅದು ಆನೆಯನ್ನು ಹಿಡಿದು ತಂದಿತು. ದೊಡ್ಡದು, ಸದ್ದು ಮಾಡುವುದು, ಯಾವಾಗ ಏನು ಮಾಡುತ್ತದೋ ತಿಳಿಯದು. ಮಗಳನ್ನು ಕೇಳಿದರೆ ತಾಯಿಗೆ ನೋವಾಗದಿರಲಿ ಎಂದು ಮುಚ್ಚಿಡುತ್ತಾಳೆ, ಅಳಿಯನನ್ನು ಕೇಳುವ ಹಾಗಿಲ್ಲ. ಅದಕ್ಕೇ ಅವರು ಸುಭದ್ರೆಯನ್ನು ಕೇಳಿದ್ದು. ಅಷ್ಟು ವರ್ಷದಿಂದ ಈ ಆನೆಯ ಹತ್ತಿರ ನಿಂತವಳು ಅವಳೇ ತಾನೇ.

ನಾನು ತಕ್ಷಣ ಶುರು ಮಾಡಿದೆ. "ಬೀಗರೇ, ಇದು ಬರೀ ರಂಗಭೂಮಿಯ ದನಿ, ನನ್ನ ಹೃದಯ..." ತೋಳೂ ಮೇಲೆ ಹೋಗಿತ್ತು.

ಸುಭದ್ರೆ ಎದ್ದು ನಿಂತಳು. "ರೀ, ಅವರು ಕೇಳಿದ್ದು ನನ್ನನ್ನ. ನೀವು ಸ್ವಲ್ಪ ಹೊರಗೆ ಕೂತ್ಕೊಳ್ಳಿ."

ನನ್ನ ಮನೆಯಲ್ಲಿ ನನ್ನನ್ನು ಹೊರಗೆ ಕೂರಿಸಿದರು ಸ್ವಾಮಿ. ಮುಂಬಾಗಿಲ ಕಟ್ಟೆಯ ಮೇಲೆ ಕೂತೆ. ಹಾಲಸ್ವಾಮಿ ಆಟೋ ನಿಲ್ಲಿಸಿ, "ಯಾಕೆ ಸಾರ್, ಸುಮ್ನೆ ಕೂತಿದೀರಿ, ಹುಷಾರಿಲ್ವಾ?" ಎಂದ. ಒಳಗೆ ಏನೋ ಮಾತು. ಕಿವಿಗೊಟ್ಟೆ, ಒಂದಕ್ಷರ ಕೇಳಿಸಲಿಲ್ಲ. ಕಟ್ಟಕಡೆಯ ಬೆಂಚಿನವನ ಕಷ್ಟ ನನಗೆ ಆಗ ಗೊತ್ತಾಯಿತು. ಒಂದು ಸಲ ಯಂತ್ರದ ದನಿ, ಥಾಯ್‌ನಲ್ಲಿ. ಆಮೇಲೆ ನಗು. ಮೂವರು ಹೆಂಗಸರು ನಗುತ್ತಿದ್ದರು, ಅದರಲ್ಲಿ ಒಂದು ನಗುವನ್ನು ನಾನು ಆ ಮನೆಯಲ್ಲಿ ಕೇಳಿರಲೇ ಇಲ್ಲ.

ಬೀಗಿತ್ತಿಯದ್ದು ಎಂದುಕೊಂಡೆ. ಅಲ್ಲ, ಅದು ಸುಭದ್ರೆಯದ್ದು.

ಸಂಜೆ ಜ್ಞಾನೇಶ್ ಬಂದ ಮೇಲೆ ಸೋಮ್‌ಸ್ರೀ ಅವರು ಹೇಳಿದರು, ಟಿಕೆಟ್ ಬೇಡ. ಅಷ್ಟೇ. ಕಾರಣ ಹೇಳಲಿಲ್ಲ. ಇಲ್ಲೇ ಉಳಿದರು. ಕಳೆದ ತಿಂಗಳು ನಮ್ಮ ಭದ್ರಾವತಿಯಲ್ಲೇ ಮೊಮ್ಮಗಳು ಹುಟ್ಟಿದಳು. ಬಾಣಂತಿಗೆ ಬೀಗಿತ್ತಿಯ ಶುಂಠಿ ಸಾರು ಒಂದು ಹೊತ್ತು, ಸುಭದ್ರೆಯ ಮೆಣಸಿನ ಸಾರು ಇನ್ನೊಂದು ಹೊತ್ತು. ಆಗಲಿ. ಆದರೆ ನನ್ನ ತಲೆಯಲ್ಲಿ ಒಂದು ಹುಳು ಕೊರೆಯುತ್ತಲೇ ಇತ್ತು. ಒಳಗೆ ಸುಭದ್ರೆ ಹೇಳಿದ್ದೇನು? ನಾನು ತಿಂಗಳುಗಟ್ಟಲೆ ಬಾಯಿಪಾಠ ಮಾಡಿದ ಮಾತೆಲ್ಲ ಮಾಡದ ಕೆಲಸವನ್ನು ಮಾಡಿದ ಆ ಒಂದು ಮಾತು ಯಾವುದು?

ಶಾಂಭವಿಯವರನ್ನು ಕೇಳಿದೆ. "ಬಳಸಿದವರ ಮಾತು ಹೊರಗೆ ಹೇಳೋ ಹಾಗಿಲ್ಲ ಅಂಕಲ್, ಸಂಶೋಧನೆಯ ನಿಯಮ," ಎಂದರು. ಮಾಲೀಯನ್ನು ಕೇಳಿದೆ. "ನಾನು ಮಲಗಿದ್ದೆ ಮಾವ," ಎಂದಳು, ಒಳ್ಳೆಯ ಕನ್ನಡದಲ್ಲಿ. ಬೀಗಿತ್ತಿಯ ಮುಂದೆ ಫೋನು ಹಿಡಿದು, ದನಿ ತಗ್ಗಿಸಿ ಕೇಳಿದೆ. ಯಂತ್ರ ಅವರಿಗೆ ಏನು ಹೇಳಿತೋ, ನನ್ನ ಭುಜ ತಟ್ಟಿ ಒಂದು ಬಾಳೆಹಣ್ಣು ಕೊಟ್ಟು ಹೋದರು. ಕೊನೆಗೆ ಯಂತ್ರವನ್ನೇ ಕೇಳಿದೆ, ನನ್ನ ಜೊತೆ ಬಾಳುವುದು ಕಷ್ಟವೇ ಎಂದು. 'ದಯವಿಟ್ಟು ಸ್ವಲ್ಪ ನಿಧಾನವಾಗಿ ಮಾತಾಡಿ' ಎಂಬ ಪಾಠ ಓದಿತು.

ಇನ್ನು ಉಳಿದದ್ದು ಒಂದೇ ದಾರಿ. ಎಲ್ಲರನ್ನೂ ಕೇಳಿ ಮುಗಿಸಿದ ಮೇಲೆ ಅದು ಹೊಳೆಯಿತು ನನಗೆ. ಬಟ್ಟೆ ಮಡಚುತ್ತಿದ್ದ ಸುಭದ್ರೆಯ ಹತ್ತಿರ ಹೋಗಿ, "ಅವತ್ತು ನೀನು ಏನು ಹೇಳಿದೆ?" ಎಂದೆ.

ಅವಳು ಮಗುವಿನ ಅಂಗಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ನನ್ನನ್ನು ನೋಡಿದಳು. "ನಾನು ಏನು ಹೇಳಿದೆ ಅಂತ ನೀವು ಕೇಳ್ತಿರೋದು ಮದುವೆಯಾದಾಗಿಂದ ಇದೇ ಮೊದ್ಲು."

ನಾನು ಇಲ್ಲ ಎನ್ನಲು ಬಾಯಿ ತೆರೆದೆ. ಉದಾಹರಣೆ ಸ್ಫುರಿಸಲಿಲ್ಲ. ಕೂತೆ.

"ನನಗೆ ಇವರ ಭಯ ಯಾವತ್ತೂ ಆಗಿಲ್ಲ ಅಂದೆ. ಕೈ ಎತ್ತಿದವರಲ್ಲ, ಕೆಟ್ಟವರಲ್ಲ ಅಂದೆ. ಆದ್ರೆ ಈ ಮನೇಲಿ ನನ್ನ ಒಂದು ಮಾತೂ ಪೂರ್ತಿ ಮುಗಿದಿಲ್ಲ. ನಿಮ್ಮ ಮಗಳ ಮಾತು ಮುಗಿಯೋವರೆಗೂ ನಾನು ಅವಳ ಪಕ್ಕ ನಿಂತ್ಕೊಳ್ತೀನಿ ಅಂದೆ."

"ಇದೆಲ್ಲ ಯಂತ್ರ ಹೇಳ್ತಾ?"

"ಎಲ್ಲಿ ಹೇಳುತ್ತೆ. ಅದು ಹುಡುಕಿ ಹುಡುಕಿ ಪಾಠದಿಂದ ಒಂದು ವಾಕ್ಯ ತಂದಿಟ್ತು. 'ಹೆದರಬೇಡಿ, ನಾನೂ ಇದೇ ಬಸ್ಸಿನಲ್ಲಿ ನಿಮ್ಮ ಜೊತೆ ಬರುತ್ತಿದ್ದೇನೆ.' ಅವರಿಗೆ ಅಷ್ಟೇ ಸಾಕಾಯ್ತು. ನಗೋದಕ್ಕೆ ಶುರು ಮಾಡಿದ್ರು."

ಅವಳು ಅಲ್ಲಿಗೆ ನಿಲ್ಲಿಸಲಿಲ್ಲ. ಮಾತು ಮುಂದುವರಿಯಿತು. ಬಟ್ಟೆ ಮಡಚಿ ಮುಗಿದ ಮೇಲೂ ಮುಂದುವರಿಯಿತು. ಶಾಲೆಯಲ್ಲಿದ್ದಾಗ ಅವಳೂ ನಾಟಕದಲ್ಲಿ ರಾಣಿಯ ಪಾತ್ರ ಮಾಡಿ ಬೆಳ್ಳಿ ಬಟ್ಟಲು ಬಹುಮಾನ ಗೆದ್ದಿದ್ದಳಂತೆ. ದಿನಬೆಳಗಾದರೆ ರಂಗಭೂಮಿಯ ಮಾತೇ ಆಡುವ ನನ್ನ ಮನೆಯಲ್ಲಿ, ಸಭಿಕರೇ, ಆ ಬಟ್ಟಲು ಇಷ್ಟು ವರ್ಷ ಅರಿಸಿನ ಹಾಕುವುದಕ್ಕೆ ಇತ್ತು. ದಿನಾ ನೋಡುತ್ತಿದ್ದೆ.

ಶಾಂಭವಿಯವರ ಸಂಶೋಧನೆಯ ಹೆಚ್ಚುಗಾರಿಕೆ ಏನೆಂದು ವಿದ್ವಾಂಸರು ಹೇಳಿದ್ದಾರೆ, ಇನ್ನೂ ಹೇಳುತ್ತಾರೆ. ನನಗೆ ಕಂಡದ್ದು ಒಂದೇ. ಆ ಯಂತ್ರ ಉತ್ತರ ಕೊಡುವ ಮೊದಲು ಎದುರಿನವರ ಮಾತು ಮುಗಿಯುವವರೆಗೆ ಕಾಯುತ್ತದೆ. ಅರ್ಥ ಹುಡುಕುವುದು ಅದಕ್ಕೆ ಸಾಧ್ಯವಾದದ್ದು ಹೇಗೆ ಎಂದು ನಾನು ಈಗಲೂ ಯೋಚಿಸುತ್ತಿದ್ದೇನೆ.

ಕಾರ್ಯಕ್ರಮದ ಪಟ್ಟಿಯಲ್ಲಿ ನೋಡಿದಿರೋ ಇಲ್ಲವೋ, ನನ್ನ ಹೆಸರಿನ ಕೆಳಗೆ ಸುಭದ್ರಮ್ಮ ಎಂದು ಇನ್ನೊಂದು ಹೆಸರಿದೆ. ಇಬ್ಬರಿಗೂ ಸೇರಿ ಅರ್ಧ ಗಂಟೆ ಎಂದಿದ್ದರು. ಅಧ್ಯಕ್ಷರು ಆಗಲೇ ಗಡಿಯಾರ ನೋಡುತ್ತಿದ್ದಾರೆ. ಅಧ್ಯಕ್ಷರೇ, ಉಳಿದ ಹೊತ್ತು ಕಡಿಮೆಯಾಗಿದ್ದರೆ ದಯವಿಟ್ಟು ಊಟವನ್ನು ತಡಮಾಡಿ, ಅವಳ ಮಾತನ್ನಲ್ಲ. ನಾನು ಅಲ್ಲಿ, ಬೀಗಿತ್ತಿಯ ಪಕ್ಕದ ಕುರ್ಚಿಯಲ್ಲಿ ಕೂರುತ್ತೇನೆ. ಮಾತು ಎತ್ತಿಕೊಡುವುದಿಲ್ಲ. ಅವಳಿಗೆ ಮೈಕು ಬೇಕಾಗುತ್ತದೆ, ಹುಡುಗರೇ, ಹತ್ತಿರ ತಂದಿಡಿ.

ನನ್ನನ್ನು ಕರೆದ ಕಾಲೇಜಿಗೆ, ನಮ್ಮಿಬ್ಬರಿಗೆ ತಾಳ್ಮೆಯಿಂದ ಕಲಿಸಿದ ಡಾಕ್ಟರ್ ಶಾಂಭವಿಗೆ, ಇಷ್ಟು ಹೊತ್ತು ನನ್ನ ಗಂಟಲನ್ನು ಸಹಿಸಿದ ನಿಮಗೆಲ್ಲ ಋಣಿ. ಸುಭದ್ರಾ, ಬಾ. ಎಲ್ಲರಿಗೂ ನಮಸ್ಕಾರ.